ಎಲೆಗೆ ಅಂಟಿದ ಅಪವಾದ

ಕ್ರಿಸ್ಮಸ್ ಹಬ್ಬದ ಶುಭಾಶಯ ಪತ್ರಗಳ ಅಂಚಿನಲ್ಲಿ ಮೂಡಿರುವ ಒಂದು ಎಲೆಯ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಕಡುಹಸಿರು ಬಣ್ಣ, ಅಂಚಿನಲ್ಲಿ ಮುಳ್ಳು, ನಡುವೆ ಕೆಂಪು ಹಣ್ಣುಗಳ ಗೊಂಚಲು. ಅದು ಯುರೋಪಿನ ಹಾಲಿ ಮರದ ಎಲೆ. ಚಳಿಗಾಲದಲ್ಲೂ ಉದುರದ ಅದರ ಹಸಿರಿನಲ್ಲಿ ನಿತ್ಯಜೀವವನ್ನೂ, ಮುಳ್ಳುಗಳಲ್ಲಿ ಪ್ರಭುವಿನ ಮುಳ್ಳಿನ ಕಿರೀಟವನ್ನೂ, ಹಣ್ಣುಗಳಲ್ಲಿ ಆತನ ರಕ್ತಬಿಂದುಗಳನ್ನೂ ಕಾಣುವ ಪರಿಪಾಠ ಅಲ್ಲಿಯ ಕ್ರೈಸ್ತರಲ್ಲಿ ಬೆಳೆದು ಬಂದಿತು. ಸಸ್ಯಶಾಸ್ತ್ರಜ್ಞರು ಐಲೆಕ್ಸ್ ಎಂದು ಕರೆಯುವ ಈ ಕುಲಕ್ಕೆ ಜಗತ್ತಿನಾದ್ಯಂತ ನೂರಾರು ಬಂಧುಗಳಿದ್ದಾರೆ. ನಮ್ಮ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಇದೇ ಕುಲದ ಮರಗಳು ಬೆಳೆಯುತ್ತವೆ.

ಈ ದೊಡ್ಡ ಕುಟುಂಬದಲ್ಲಿ ಒಬ್ಬ ಸದಸ್ಯನ ಪಾಲಿಗೆ ಮಾತ್ರ ಗೌರವದ ಬದಲು ಅಪವಾದ ಬಂದಿತು. ಉತ್ತರ ಅಮೆರಿಕದ ಆಗ್ನೇಯ ಕರಾವಳಿಯಲ್ಲಿ, ವರ್ಜೀನಿಯದಿಂದ ಟೆಕ್ಸಾಸ್‌ವರೆಗೆ ತಾನಾಗಿಯೇ ಬೆಳೆಯುವ ಆ ಪುಟ್ಟ ಮರದ ಹೆಸರು ಯೋಪಾನ್. ಕಟಾಬಾ ಎಂಬ ಮೂಲನಿವಾಸಿಗಳ ಭಾಷೆಯಲ್ಲಿ ಆ ಮಾತಿಗೆ ‘ಪುಟ್ಟ ಮರ’ ಎಂದೇ ಅರ್ಥ. ಅದರ ಎಲೆಯನ್ನು ಕಾಡಿನಿಂದ ಆಯ್ದು ತಂದು, ಹುರಿದು, ಕುದಿಸಿ ಕುಡಿದ ಜನರ ಕಥೆಯೂ, ಆ ಎಲೆಗೆ ಪರಕೀಯರು ಇಟ್ಟ ಹೆಸರಿನ ಕಥೆಯೂ ನಮ್ಮ ಚಿಂತನೆಗೆ ಯೋಗ್ಯವಾಗಿವೆ.

ಹುರಿದ ಎಲೆಯ ಪಾನೀಯ

ನಮ್ಮ ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆಗಳನ್ನು ಹದವಾಗಿ ಹುರಿದು ಪುಡಿಮಾಡಿ ಕಷಾಯ ಕಾಯಿಸುವುದುಂಟು. ಹುರಿಯುವಾಗಲೇ ಪರಿಮಳ ಹುಟ್ಟುತ್ತದೆಂಬುದನ್ನು ನಮ್ಮ ತಾಯಂದಿರು ಬಲ್ಲರು. ಸಾವಿರಾರು ಮೈಲಿ ಆಚೆಯ ಆ ಜನರೂ ಇದನ್ನು ಅರಿತಿದ್ದರು. ಯೋಪಾನ್ ಮರದ ಎಳೆಯ ಎಲೆಗಳನ್ನೂ ಸಣ್ಣ ಕಡ್ಡಿಗಳನ್ನೂ ಮಣ್ಣಿನ ಮಡಕೆಯಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಬಳಿಕ ನೀರು ಹೊಯ್ದು ಕುದಿಸಿ, ಬಿಸಿಬಿಸಿಯಾಗಿ ಕುಡಿಯುತ್ತಿದ್ದರು. ಚಹಾ, ಕಾಫಿಗಳಲ್ಲಿರುವ ಕೆಫೀನ್ ಎಂಬ ಅಂಶ ಈ ಎಲೆಯಲ್ಲಿಯೂ ಇದೆ. ಆದ್ದರಿಂದ ಅದು ದಣಿವನ್ನು ಕಳೆದು ಮನಸ್ಸನ್ನು ಎಚ್ಚರವಾಗಿಡುತ್ತಿತ್ತು. ಮರದ ಕೆಂಪು ಹಣ್ಣುಗಳು ಮಾತ್ರ ಮನುಷ್ಯರು ತಿನ್ನುವಂಥವಲ್ಲ. ಹಣ್ಣನ್ನು ಬಿಟ್ಟು ಎಲೆಯನ್ನು ಆಯ್ದುಕೊಂಡ ಈ ವಿವೇಕದ ಹಿಂದೆ ಎಷ್ಟೋ ತಲೆಮಾರುಗಳ ಅನುಭವವಿದ್ದಿರಬೇಕು.

ಈ ಪಾನೀಯ ಎಷ್ಟು ಹಳೆಯದು? ಅಮೆರಿಕದ ಮಿಸಿಸಿಪ್ಪಿ ನದಿಯ ಬಳಿ, ಇಂದಿನ ಸೇಂಟ್ ಲೂಯಿಸ್ ನಗರಕ್ಕೆ ಸಮೀಪದಲ್ಲಿ ಕಹೋಕಿಯ ಎಂಬ ಪ್ರಾಚೀನ ಪಟ್ಟಣದ ಮಣ್ಣಿನ ದಿಬ್ಬಗಳಿವೆ. ಅಲ್ಲಿ ದೊರೆತ ಮಣ್ಣಿನ ಕುಡಿಯುವ ಪಾತ್ರೆಗಳ ಒಳಮೈಯಲ್ಲಿ ಉಳಿದಿದ್ದ ಕಣಗಳನ್ನು ಸಂಶೋಧಕರು ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಕ್ರಿ.ಶ. 1050ರಿಂದ 1250ರ ನಡುವಿನ ಆ ಪಾತ್ರೆಗಳಲ್ಲಿ ಐಲೆಕ್ಸ್ ಕುಲದ ಎಲೆಯ ಪಾನೀಯದ ಗುರುತುಗಳು ಕಂಡುಬಂದವು. ಆ ಮರ ಕಹೋಕಿಯದ ಆಸುಪಾಸಿನಲ್ಲಿ ಬೆಳೆಯುವುದಿಲ್ಲ. ಅಂದರೆ ದಕ್ಷಿಣದ ದೂರದ ನಾಡಿನಿಂದ ಅದನ್ನು ಹೊತ್ತು ತರುತ್ತಿದ್ದರು. ಅಷ್ಟು ದೂರದಿಂದ ತರಿಸಿಕೊಳ್ಳುವಷ್ಟು ಅದಕ್ಕೆ ಬೆಲೆಯಿತ್ತು.

ಯುರೋಪಿನವರಲ್ಲಿ ಈ ಪಾನೀಯವನ್ನು ಮೊದಲು ವರ್ಣಿಸಿದವರಲ್ಲಿ ಸ್ಪೇನಿನ ಕಬೇಸಾ ದೆ ವಾಕಾ ಒಬ್ಬ. 1528ರಲ್ಲಿ ಟೆಕ್ಸಾಸ್ ಕರಾವಳಿಯಲ್ಲಿ ಹಡಗು ಒಡೆದು ದಡ ಸೇರಿದ ಈತ, ವರ್ಷಗಟ್ಟಲೆ ಅಲ್ಲಿಯ ಜನರ ನಡುವೆ ಬದುಕಿದ. 1542ರಲ್ಲಿ ಪ್ರಕಟವಾದ ತನ್ನ ವೃತ್ತಾಂತದಲ್ಲಿ, ಮಡಕೆಯಲ್ಲಿ ಎಲೆ ಹುರಿದು ನೀರು ಹಾಕಿ ಕುದಿಸುವುದನ್ನೂ, ನೊರೆ ಬಂದ ಮೇಲೆ ತಾಳಿಕೊಳ್ಳುವಷ್ಟು ಬಿಸಿಯಾಗಿ ಕುಡಿಯುವುದನ್ನೂ ಬರೆದ.

ಧರ್ಮಾಧ್ಯಕ್ಷರ ಪತ್ರ

1565ರಲ್ಲಿ ಸ್ಪೇನಿಯರು ಫ್ಲಾರಿಡದಲ್ಲಿ ಸೇಂಟ್ ಆಗಸ್ಟೀನ್ ಪಟ್ಟಣವನ್ನು ಸ್ಥಾಪಿಸಿದರು. ಬಳಿಕ ಫ್ರಾನ್ಸಿಸ್ಕನ್ ಸಭೆಯ ಗುರುಗಳು ತಿಮುಕ್ವ, ಗ್ವಾಲೆ, ಅಪಲಾಚಿ ಜನಗಳ ನಡುವೆ ಧರ್ಮಕೇಂದ್ರಗಳನ್ನು ತೆರೆದರು. ಒಗೆದು ಬಿಸಾಡಬೇಕಾದ ಕಾಡುಜನರ ಕಹಿನೀರೆಂದು ಆ ಪಾನೀಯವನ್ನು ತಳ್ಳಿಹಾಕುವುದು ಸ್ಪೇನಿಯರಿಗೆ ಸುಲಭವಾಗಿತ್ತು. ಆದರೆ ನಡೆದದ್ದು ಬೇರೆ. ‘ಕಸಿನ’ ಎಂಬ ಹೆಸರಿನಲ್ಲಿ ಸ್ಪೇನಿಯರೇ ಅದನ್ನು ರೂಢಿಸಿಕೊಂಡರು.

1674ರಲ್ಲಿ ಕ್ಯೂಬಾದ ಧರ್ಮಾಧ್ಯಕ್ಷ ಗೇಬ್ರಿಯೆಲ್ ದಿಯಾಸ್ ವಾರಾ ಕಾಲ್ದೆರೋನ್ ಫ್ಲಾರಿಡಕ್ಕೆ ಬಂದರು. ತಿಂಗಳುಗಟ್ಟಲೆ ಕಾಡು, ಜೌಗುಗಳನ್ನು ದಾಟಿ ಒಂದೊಂದೇ ಧರ್ಮಕೇಂದ್ರವನ್ನು ಸಂದರ್ಶಿಸಿ, 13,000ಕ್ಕೂ ಹೆಚ್ಚು ಮಂದಿಗೆ ದೃಢೀಕರಣ ಸಂಸ್ಕಾರ ನೀಡಿದರು. 1675ರಲ್ಲಿ ಅವರು ಸ್ಪೇನಿನ ರಾಣಿಗೆ ಬರೆದ ಪತ್ರ ಉಳಿದುಬಂದಿದೆ. ಈ ಜನರು ದ್ರಾಕ್ಷಾರಸವನ್ನಾಗಲಿ, ಸಾರಾಯಿಯನ್ನಾಗಲಿ ಮುಟ್ಟುವುದಿಲ್ಲ. ಕಡಲತೀರದಲ್ಲಿ ಬೆಳೆಯುವ ಒಂದು ಸಸ್ಯವನ್ನು ಕಾಯಿಸಿ ಬಿಸಿಯಾಗಿ ಕುಡಿಯುವುದೇ ಇವರ ದೊಡ್ಡ ಭೋಗ. ಅದು ಬಲು ಕಹಿ, ಆದರೆ ಅಮಲೇರಿಸದು, ದೇಹಕ್ಕೆ ಹಿತಕರ – ಇದು ಅವರ ಮಾತಿನ ತಾತ್ಪರ್ಯ. ಆ ರುಚಿ ಅವರಿಗೆ ಹಿಡಿಸಲಿಲ್ಲವೆಂಬುದು ಸ್ಪಷ್ಟ. ಆದರೂ ತಮಗೆ ರುಚಿಸದ್ದನ್ನು ಕೆಟ್ಟದ್ದೆಂದು ಅವರು ಬರೆಯಲಿಲ್ಲ.

ಇದನ್ನು ಹೇಳುವಾಗ ಇನ್ನೊಂದು ಸತ್ಯವನ್ನೂ ಮರೆಮಾಚಲಾಗದು. ಯುರೋಪಿನಿಂದ ಬಂದ ರೋಗಗಳು ಆ ಊರುಗಳನ್ನು ಬರಿದಾಗಿಸುತ್ತಿದ್ದವು. ಹೊರೆ ಹೊರುವ ಬಿಟ್ಟಿಚಾಕರಿಯಿಂದ ಬೇಸತ್ತ ತಿಮುಕ್ವ ಜನ 1656ರಲ್ಲಿ ದಂಗೆಯೆದ್ದಿದ್ದರು. ಪತ್ರದ ಸೌಜನ್ಯ ಆ ಜನರ ಬೆನ್ನಿನ ಹೊರೆಯನ್ನು ಇಳಿಸಲಿಲ್ಲ.

ಎರಡು ದಶಕಗಳ ಬಳಿಕ ಇನ್ನೊಬ್ಬ ಕ್ರೈಸ್ತ ಇದೇ ಪಾನೀಯವನ್ನು ಕಂಡ. ಆತ ಕ್ವೇಕರ್ ಪಂಥದ ವರ್ತಕ ಜೊನಾಥನ್ ಡಿಕಿನ್ಸನ್. 1696ರಲ್ಲಿ ಜಮೈಕಾದಿಂದ ಫಿಲಡೆಲ್ಫಿಯಕ್ಕೆ ಹೊರಟ ಆತನ ಹಡಗು ಫ್ಲಾರಿಡದ ಕರಾವಳಿಯಲ್ಲಿ ಒಡೆಯಿತು. ಜೊತೆಯಲ್ಲಿ ಹೆಂಡತಿಯೂ ಹಾಲುಗೂಸೂ ಇದ್ದರು. ಮೂಲನಿವಾಸಿಗಳು ಅವರ ಬಟ್ಟೆಬರೆಯನ್ನೂ ಸರಕನ್ನೂ ಕಸಿದುಕೊಂಡರು. ಇವರು ನರಭಕ್ಷಕರಿರಬಹುದೆಂಬ ಭಯದಲ್ಲಿ ಆ ಕುಟುಂಬ ದಿನ ಕಳೆಯಿತು. ಆದರೆ ಅದೇ ಜನರ ನಾಯಕನ ಹೆಂಡತಿ, ತನ್ನ ಮಗುವನ್ನು ಇನ್ನೊಬ್ಬಳ ಕೈಗಿತ್ತು, ಹಿಂಜರಿಯುತ್ತಿದ್ದ ಆ ತಾಯಿಯಿಂದ ಕೂಸನ್ನು ತೆಗೆದುಕೊಂಡು ತಾನೇ ಎದೆಹಾಲು ಕುಡಿಸಿದಳೆಂದು ಡಿಕಿನ್ಸನ್ ತಾನೇ ಬರೆದಿದ್ದಾನೆ. ಮುಂದೆ ಒಂದು ಊರಿನಲ್ಲಿ, ಮಡಕೆಯಲ್ಲಿ ಎಲೆ ಹುರಿಯುವುದನ್ನೂ, ಕುದಿಸಿ ಸೋಸಿದ ಪಾನೀಯವನ್ನು ನಾಯಕನೂ ಹಿರಿಯರೂ ಶಂಖದ ಚಿಪ್ಪಿನಲ್ಲಿ ಕುಡಿಯುವುದನ್ನೂ ಆತ ವಿವರವಾಗಿ ದಾಖಲಿಸಿದ. ಅಲ್ಲಿ ಯಾರೂ ವಾಂತಿ ಮಾಡಿಕೊಂಡ ಮಾತಿಲ್ಲ.

ಹೆಸರಿನ ಅನ್ಯಾಯ

ಈ ವಾಂತಿಯ ಮಾತೇಕೆ ಬಂದಿತು? ಕ್ರೀಕ್ ಮುಂತಾದ ಆಗ್ನೇಯದ ಜನಾಂಗಗಳಲ್ಲಿ ಕೆಲವು ಮುಖ್ಯ ಸಮಾರಂಭಗಳಿಗೆ ಮುನ್ನ ಪುರುಷರು ಉಪವಾಸವಿದ್ದು, ಈ ಪಾನೀಯವನ್ನು ಬಹಳ ಪ್ರಮಾಣದಲ್ಲಿ ಕುಡಿದು, ಬೇಕೆಂದೇ ಕಕ್ಕುತ್ತಿದ್ದರು. ಯುದ್ಧಕ್ಕೋ ಸಮಾಲೋಚನೆಗೋ ಕೂರುವ ಮುನ್ನ ಒಳಗನ್ನು ಶುದ್ಧಿಗೊಳಿಸುವ ಆಚರಣೆ ಅದು. ಬಿಸಿನೀರನ್ನು ಹೊಟ್ಟೆ ಬಿರಿಯುವಷ್ಟು ಕುಡಿದರೂ ಅದೇ ಆದೀತು. ದಿನನಿತ್ಯ ಅದನ್ನು ಕುಡಿಯುತ್ತಿದ್ದವರು ನಾವು ಚಹಾ ಕುಡಿಯುವಂತೆಯೇ ಕುಡಿಯುತ್ತಿದ್ದರು. ಆದರೆ ದೂರದಿಂದ ನೋಡಿದವರ ಕಣ್ಣಿಗೆ ಬಿದ್ದದ್ದು ಆ ಒಂದು ದೃಶ್ಯ ಮಾತ್ರ.

1789ರಲ್ಲಿ ಲಂಡನ್ ಬಳಿಯ ಕ್ಯೂ ಉದ್ಯಾನದ ವಿಲಿಯಂ ಐಟನ್ ಆ ಉದ್ಯಾನದ ಸಸ್ಯಗಳ ಪಟ್ಟಿಯನ್ನು ಪ್ರಕಟಿಸಿದಾಗ ಈ ಪುಟ್ಟ ಮರಕ್ಕೆ ‘ಐಲೆಕ್ಸ್ ವೊಮಿಟೋರಿಯ’ ಎಂಬ ಲ್ಯಾಟಿನ್ ಹೆಸರು ಬಂದಿತು. ಎಂದರೆ ವಾಂತಿ ಬರಿಸುವ ಹಾಲಿ. ಎಲೆಗೆ ಅಂಥ ಗುಣವಿಲ್ಲ. ಆದರೂ ಅರ್ಥ ತಪ್ಪೆಂಬ ಒಂದೇ ಕಾರಣಕ್ಕೆ ಒಮ್ಮೆ ಇಟ್ಟ ಹೆಸರನ್ನು ಕೈಬಿಡಲು ಸಸ್ಯಶಾಸ್ತ್ರದ ನಿಯಮಗಳು ಒಪ್ಪುವುದಿಲ್ಲ. ಇಂದಿಗೂ ಅದೇ ಅದರ ಅಧಿಕೃತ ಹೆಸರು.

ಇನ್ನೊಂದು ಹೆಸರಿನ ಕಥೆಯೂ ಹಾಗೆಯೇ. ಕಷಾಯದ ಬಣ್ಣ ನೋಡಿ ಇಂಗ್ಲಿಷರು ಅದನ್ನು ‘ಕಪ್ಪು ಪಾನೀಯ’ ಎಂದರು. ಕುಡಿಯುವ ಜನರಲ್ಲಿ ಅದು ‘ಬಿಳಿ ಪಾನೀಯ’ ಎನಿಸಿತ್ತು. ಅವರ ಪಾಲಿಗೆ ಬಿಳುಪೆಂದರೆ ಶುದ್ಧಿ, ಶಾಂತಿ. ಒಬ್ಬರು ಬಣ್ಣ ನೋಡಿ ಹೆಸರಿಟ್ಟರು, ಇನ್ನೊಬ್ಬರು ಭಾವ ನೋಡಿ ಹೆಸರಿಟ್ಟರು. ಪುಸ್ತಕಗಳಲ್ಲಿ ಉಳಿದದ್ದು ಮೊದಲನೆಯದು.

ಇದೇ ಕುಲದ ಒಂದು ಸೋದರ ಮರದ ಭಾಗ್ಯವನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಅಮೆರಿಕದ ಗ್ವಾರಾನಿ ಜನ ಕಾಡಿನಿಂದ ಆಯ್ದು ಕುಡಿಯುತ್ತಿದ್ದ ಮಾತೆ ಎಂಬ ಎಲೆಯೂ ಐಲೆಕ್ಸ್ ಕುಲದ್ದೇ. ಪರಾಗ್ವೆಯ ಯೇಸುಸಭೆಯ ಗುರುಗಳು ಮೊದಮೊದಲು ಅದನ್ನು ದುಶ್ಚಟವೆಂದು ವಿರೋಧಿಸಿದರು. ಆದರೆ ಕ್ರಮೇಣ ಮನಸ್ಸು ಬದಲಿಸಿ, ಮೊಳೆಯಿಸಲು ಕಷ್ಟವಾದ ಅದರ ಬೀಜವನ್ನು ಬೆಳೆಸುವ ಬಗೆಯನ್ನು ಕಂಡುಕೊಂಡು, ಗ್ವಾರಾನಿ ಜನರೊಡನೆ ತಮ್ಮ ವಸತಿಗಳಲ್ಲಿ ತೋಟಗಳನ್ನು ಎಬ್ಬಿಸಿದರು. ‘ಜೆಸ್ವಿಟರ ಚಹಾ’ ಎಂಬ ಹೆಸರೂ ಅದಕ್ಕೆ ಬಂದಿತು. ಇಂದು ಅರ್ಜೆಂಟೀನ, ಪರಾಗ್ವೆ, ಉರುಗ್ವೆ ದೇಶಗಳಲ್ಲಿ ಮಾತೆ ಇಲ್ಲದ ಮನೆ ವಿರಳ. ಒಂದೇ ಕುಲದ ಎರಡು ಎಲೆಗಳಲ್ಲಿ ಒಂದಕ್ಕೆ ಜಗತ್ತಿನ ಮಾರುಕಟ್ಟೆ, ಇನ್ನೊಂದಕ್ಕೆ ವಾಂತಿಯ ಹೆಸರು.

ಕುಡಿದವರು ಏನಾದರು?

ಫ್ಲಾರಿಡದ ಧರ್ಮಕೇಂದ್ರಗಳ ಅಂತ್ಯ ದಾರುಣವಾದುದು. ಕೆರೊಲಿನದ ಇಂಗ್ಲಿಷರು ಜೇಮ್ಸ್ ಮೂರ್ ಎಂಬಾತನ ನೇತೃತ್ವದಲ್ಲಿ, ತಮ್ಮ ಪಕ್ಷದ ಮೂಲನಿವಾಸಿ ಯೋಧರೊಡಗೂಡಿ, 1702ರಲ್ಲಿ ಸೇಂಟ್ ಆಗಸ್ಟೀನ್ ಪಟ್ಟಣವನ್ನು ಸುಟ್ಟರು. 1704ರಲ್ಲಿ ಅಪಲಾಚಿಯ ಊರುಗಳು ನೆಲಸಮವಾದವು. ಧರ್ಮಾಧ್ಯಕ್ಷರ ಕೈಯಿಂದ ಅಭಿಷೇಕ ಪಡೆದಿದ್ದವರ ಮಕ್ಕಳುಮರಿಗಳು ಗುಲಾಮರಾಗಿ ಮಾರಾಟವಾದರು. 1763ರಲ್ಲಿ ಫ್ಲಾರಿಡ ಬ್ರಿಟಿಷರ ಪಾಲಾದಾಗ, ಅಳಿದುಳಿದ ಬೆರಳೆಣಿಕೆಯ ಕ್ರೈಸ್ತ ಕುಟುಂಬಗಳು ಸ್ಪೇನಿಯರೊಂದಿಗೆ ಹಡಗು ಹತ್ತಿ ಕ್ಯೂಬಾ ಸೇರಿದವು. ಕಸಿನ ಮರ ಅಲ್ಲಿಯೇ ಉಳಿಯಿತು, ಅದರ ಎಲೆ ಆಯುವ ಕೈಗಳು ಹೋದವು.

ಒಳನಾಡಿನ ಕ್ರೀಕ್, ಚೆರೊಕಿ ಜನಗಳ ಸರದಿ ಮುಂದೆ ಬಂದಿತು. 1830ರ ಕಾಯಿದೆಯೊಂದರ ಬಲದಿಂದ ಅಮೆರಿಕದ ಸರ್ಕಾರ ಅವರನ್ನು ಮಿಸಿಸಿಪ್ಪಿಯ ಪಶ್ಚಿಮಕ್ಕೆ ಅಟ್ಟಿತು. ಅದನ್ನು ಪ್ರತಿಭಟಿಸಿದ ಸೆಮಿನೋಲ್ ನಾಯಕ ಓಸಿಯೋಲನ ಹೆಸರಿನಲ್ಲಿಯೇ ಈ ಎಲೆಯಿದೆ. ‘ಅಸಿ ಯಹೋಲ’ ಎಂದರೆ ಆ ಪಾನೀಯವನ್ನು ಹಂಚುವಾಗ ಕೂಗಿ ಹಾಡುವವನು. 1837ರಲ್ಲಿ ಶಾಂತಿಯ ಬಿಳಿ ಬಾವುಟದ ಅಡಿಯಲ್ಲಿ ಮಾತುಕತೆಗೆ ಬಂದ ಆತನನ್ನು ಸೇನೆ ಮೋಸದಿಂದ ಸೆರೆಹಿಡಿಯಿತು. 1838ರ ಜನವರಿಯಲ್ಲಿ ಆತ ಸೆರೆಯಲ್ಲಿಯೇ ಸತ್ತ. ಬಿಳುಪನ್ನು ಶಾಂತಿಯೆಂದು ನಂಬಿದ ಜನರ ನಾಯಕನಿಗೆ ಬಿಳಿ ಬಾವುಟವೇ ಬಲೆಯಾಯಿತು.

ಬಡವರ ಒಲೆಯ ಮೇಲೆ ಮಾತ್ರ ಎಲೆಯ ಬಳಕೆ ಉಳಿಯಿತು. ಉತ್ತರ ಕೆರೊಲಿನದ ಕಡಲಂಚಿನ ದ್ವೀಪಗಳ ಬೆಸ್ತರು ಎಲೆಯನ್ನು ಕೊಚ್ಚಿ, ಪೀಪಾಯಿಯಲ್ಲಿ ಕಾದ ಕಲ್ಲುಗಳ ನಡುವೆ ಪದರಪದರವಾಗಿ ಹರಡಿ ಹದಗೊಳಿಸುತ್ತಿದ್ದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದಕ್ಷಿಣದ ಬಂದರುಗಳು ಮುಚ್ಚಿ ಚಹಾ, ಕಾಫಿ ದೊರೆಯದಾದಾಗ ಉಳ್ಳವರೂ ಈ ಎಲೆಗೆ ಕೈಚಾಚಿದರು. ಯುದ್ಧ ಮುಗಿದು ಹಡಗುಗಳು ಬಂದೊಡನೆ ಅದನ್ನು ಮರೆತರು. ಬೇಲಿಗೆ ನೆಡುವ ಗಿಡವಾಗಿ ಯೋಪಾನ್ ಮನೆಯ ಅಂಗಳದಲ್ಲಿಯೇ ಇತ್ತು, ಆದರೆ ಮನೆಯೊಳಗೆ ಏಷ್ಯಾದಿಂದ ಬಂದ ಚಹಾ ಕುದಿಯುತ್ತಿತ್ತು. 2010ರ ದಶಕದಿಂದೀಚೆಗೆ ಟೆಕ್ಸಾಸ್, ಫ್ಲಾರಿಡಗಳಲ್ಲಿ ಕೆಲವರು ಮತ್ತೆ ಅದನ್ನು ಆಯ್ದು, ಹುರಿದು, ಮಾರುತ್ತಿದ್ದಾರೆ.

ಮರಳಿ ಬಂದ ಈ ಆದರ ಸಂತೋಷದ ಸಂಗತಿಯೇ. ಆದರೆ ಅದು ತಿಮುಕ್ವ ಭಾಷೆಯನ್ನು ಮತ್ತೆ ಮಾತನಾಡಿಸದು. ಒಂದು ಜನರ ಬದುಕಿನ ಒಂದು ಕ್ಷಣವನ್ನು ದೂರದಿಂದ ಕಂಡು, ಅದನ್ನೇ ಅವರ ಸ್ವಭಾವವೆಂದು ಹೆಸರಿಟ್ಟುಬಿಡುವುದು ಸುಳ್ಳುಸಾಕ್ಷಿಯ ಒಂದು ರೂಪ. ಅದಕ್ಕೆ ಲ್ಯಾಟಿನ್ ಭಾಷೆಯೇ ಬೇಕಿಲ್ಲ. ನಮ್ಮ ಕೇರಿಗಳಲ್ಲಿ, ನಮ್ಮ ಊಟದ ಪಂಕ್ತಿಗಳಲ್ಲಿ, ಪರರ ಆಹಾರವನ್ನೂ ಆಚಾರವನ್ನೂ ಕುರಿತು ನಾವು ಆಡುವ ಮಾತುಗಳಲ್ಲಿ ಅಂಥ ಹೆಸರುಗಳು ಇಂದಿಗೂ ಹುಟ್ಟುತ್ತಿವೆ. ಇಟ್ಟವರು ಮರೆತರೂ ಅವು ಹೊತ್ತವರನ್ನು ಬಿಡುವುದಿಲ್ಲ.

1675ರ ಆ ಧರ್ಮಾಧ್ಯಕ್ಷರು ಮಾಡಿದ್ದು ಸಣ್ಣ ಕೆಲಸ. ಕಹಿಯಾದದ್ದನ್ನು ಕಹಿ ಎಂದರು, ಹಿತವಾದದ್ದನ್ನು ಹಿತ ಎಂದರು, ಕುಡಿಯುವವರು ಯಾವ ಹೆಸರಿನಿಂದ ಕರೆಯುತ್ತಾರೆಂದು ಬರೆದಿಟ್ಟರು. ಈ ಮುಂದಿನ ಕ್ರಿಸ್ಮಸ್ ಪತ್ರದ ಅಂಚಿನಲ್ಲಿ ಆ ಹಸಿರು ಎಲೆ ಕಂಡಾಗ, ಕಡಲಾಚೆಯ ಅದರ ಬಡ ಬಂಧುವನ್ನೂ ಒಮ್ಮೆ ನೆನೆಯೋಣ. ಅದರ ನಿಜವಾದ ಹೆಸರು ‘ಪುಟ್ಟ ಮರ’.