ಇಲಿ ಬಿದ್ದ ವರ್ಷಗಳು

ಮೈಸೂರಿಗೆ ಬರುವ ಬಂಧುಗಳು ಮೊದಲು ನೋಡಬಯಸುವುದು ಅರಮನೆಯನ್ನು. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತೆಂಬುದೂ, ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತೆಂಬುದೂ ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ಆದರೆ ಬೆಂಕಿಯ ಮರುವರ್ಷವೇ ಸಂಸ್ಥಾನಕ್ಕೆ ಎರಗಿದ ಇನ್ನೊಂದು ಆಪತ್ತಿನ ಸ್ಮಾರಕವನ್ನು ನೋಡಲು ಯಾರೂ ಹೋಗುವುದಿಲ್ಲ. ಲಕ್ಷ್ಮೀಪುರ, ಕೃಷ್ಣಮೂರ್ತಿಪುರಗಳ ಹಳೆಯ ಮನೆಗಳ ಹಿಂಬದಿಯಲ್ಲಿ ಹಾದುಹೋಗುವ ಕಿರಿದಾದ ಕನ್ಸರ್ವೆನ್ಸಿ ಸಂದಿಗಳು, ಮುಂಭಾಗದ ಅಗಲವಾದ ರಸ್ತೆಗಳು — ಇವೇ ಆ ಸ್ಮಾರಕ. ಆಪತ್ತಿನ ಹೆಸರು ಪ್ಲೇಗ್.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ್ದ ಈ ರೋಗ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಹುಬ್ಬಳ್ಳಿ-ಧಾರವಾಡಗಳಿಗೆ ಬಂದು, 1898ರ ಆಗಸ್ಟ್‌ನಲ್ಲಿ ರೈಲುಮಾರ್ಗವನ್ನು ಹಿಡಿದು ಬೆಂಗಳೂರನ್ನು ತಲುಪಿತು. ಮೈಸೂರಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಹದಿನಾಲ್ಕರ ಬಾಲಕ; ರಾಜ್ಯಭಾರ ರೀಜೆಂಟ್ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರದು, ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್. ರೋಗನಿಯಂತ್ರಣದ ಹೊಣೆಯನ್ನು ಹೊತ್ತ ಪ್ಲೇಗ್ ಕಮಿಷನರ್ ವಿ. ಪಿ. ಮಾಧವರಾವ್. ಇವರೇ ಮುಂದೆ 1906ರಲ್ಲಿ ದಿವಾನರಾದರು.

ವೈದ್ಯರಿಗೆ ಆಗ ಏನು ತಿಳಿದಿತ್ತು? ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಗುರುತಿಸಿದ್ದನು. ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಚಿಗಟದ ಮೂಲಕ ಎಂಬುದನ್ನು ಸೀಮಂಡ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡನು. ಆದರೆ ಅವನ ಮಾತನ್ನು ವಿದ್ವಾಂಸರು ಒಪ್ಪಲು ವರ್ಷಗಳೇ ಹಿಡಿದವು. ಹೀಗಾಗಿ ನೆಲ, ಗಾಳಿ, ಕೊಳಕು ಎಲ್ಲದರ ಮೇಲೂ ಸಂಶಯ. ಗೋಡೆಗೆ ಸುಣ್ಣ ಬಳಿದರು, ಸೂರು ಬಿಚ್ಚಿದರು, ಬಟ್ಟೆಬರೆ ಸುಟ್ಟರು. ಗುಣಪಡಿಸುವ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ.

ಔಷಧವಿಲ್ಲದ ಆಸ್ಪತ್ರೆಯನ್ನು ಜನ ಹೇಗೆ ಕಂಡಿರಬಹುದು? ಒಳಗೆ ಹೋದವರು ಹಿಂತಿರುಗುತ್ತಿದ್ದುದು ವಿರಳ. ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದು, ಹೆಂಗಸರ ಕಂಕುಳು-ತೊಡೆಸಂದುಗಳಲ್ಲಿ ಗಡ್ಡೆಯಿದೆಯೇ ಎಂದು ಪರೀಕ್ಷಿಸುವುದು, ಹೆಣವನ್ನು ತಡೆಹಿಡಿಯುವುದು — ಇವುಗಳಿಂದ ಜನ ರೋಗಕ್ಕಿಂತಲೂ ಹೆಚ್ಚಾಗಿ ಶುಶ್ರೂಷೆಗೇ ಹೆದರಿದರು. ಪುಣೆಯಲ್ಲಿ ಈ ಕ್ರೋಧ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಹತ್ಯೆಯಲ್ಲಿ ಮುಗಿಯಿತು. ನಮ್ಮ ನೆರೆಯಲ್ಲೇ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1898ರಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಅವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ಆದರೆ ಭಯಕ್ಕೂ ಒಂದು ತರ್ಕವಿರುತ್ತದೆ. ರೋಗಿ ಇರುವುದನ್ನು ಮುಚ್ಚಿಡುವ ಮನೆ ಎಷ್ಟು ಅಪಾಯಕಾರಿಯೋ, ಮುಚ್ಚಿಡುವಂತೆ ಮಾಡುವ ಆಡಳಿತವೂ ಅಷ್ಟೇ ಅಪಾಯಕಾರಿ.

ಇನ್ನೊಂದೆಡೆ, ವಿದ್ವಾಂಸರು ಒಪ್ಪುವ ಮೊದಲೇ ಜನ ಒಂದು ಸತ್ಯವನ್ನು ಅರಿತಿದ್ದರು. ಇಲಿ ಬಿದ್ದರೆ ಊರು ಬಿಡಬೇಕು. ನಮ್ಮ ಅಜ್ಜಿ ಪ್ಲೇಗ್ ಎಂಬ ಪದವನ್ನು ಬಳಸಿದ್ದು ನನಗೆ ನೆನಪಿಲ್ಲ. ಅವರ ಕಾಲಗಣನೆಯಲ್ಲಿ ಅದು 'ಇಲಿ ಬಿದ್ದ ವರ್ಷ'. ಯಾರ ಮದುವೆ ಯಾವಾಗ, ಯಾರು ಹುಟ್ಟಿದ್ದು ಯಾವಾಗ ಎಂಬುದನ್ನೂ ಅದರಿಂದಲೇ ಎಣಿಸುತ್ತಿದ್ದರು. ಅಟ್ಟದಿಂದ ಇಲಿಯೊಂದು ಸತ್ತು ಬಿದ್ದರೆ ಸಾಕು, ಅಕ್ಕಿ, ಪಾತ್ರೆ, ಕಂಬಳಿ ಕಟ್ಟಿಕೊಂಡು ಬಯಲಿನ ಗುಡಿಸಲಿಗೆ ಹೊರಡುವುದು. ಅನಂತಮೂರ್ತಿಯವರ 'ಸಂಸ್ಕಾರ' ಓದಿದವರಿಗೆ ಅಗ್ರಹಾರದಲ್ಲಿ ಸತ್ತ ಇಲಿಗಳು ಏನನ್ನು ಸಾರುತ್ತವೆಂಬುದು ತಿಳಿದಿದೆ. ಇದರ ಕಾರಣವನ್ನು ವಿಜ್ಞಾನ ಆಮೇಲೆ ಹೇಳಿತು: ಇಲಿ ಸತ್ತು ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬಿಸಿರಕ್ತದ ಇನ್ನೊಂದು ಜೀವಿಯನ್ನು ಅರಸುತ್ತವೆ. ಮನೆ ತೊರೆದವನು ಆ ಸರಪಳಿಯನ್ನೇ ಕಡಿದಂತೆ. ಸರ್ಕಾರವೂ ಮನೆ ತೆರವು ಮಾಡಿಸುವುದನ್ನೇ ಮುಖ್ಯ ಉಪಾಯವಾಗಿ ಹಿಡಿಯಿತು. ಆದರೆ ಊರು ಬಿಡುವುದು ಎಲ್ಲರಿಗೂ ಸಮನಾಗಿರಲಿಲ್ಲ. ತೋಟದ ಮನೆಯಿದ್ದವನಿಗೆ ಅದು ಸ್ಥಳಾಂತರ. ದಿನಗೂಲಿಯವನಿಗೆ ಅದು ಅನ್ನದ ಪ್ರಶ್ನೆ.

ಲಸಿಕೆಯ ಕಥೆಯೂ ಇಂಥದೇ. ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಹಿಂಜರಿಯುವ ಜನರೆದುರು ಅದಕ್ಕಿಂತ ದೊಡ್ಡ ವಾದವಿಲ್ಲ. ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ದುಡಿದ ಡಾ. ಪಲ್ಪು ಅವರನ್ನೂ ಇಲ್ಲಿ ಸ್ಮರಿಸಬೇಕು. ಈಳವ ಜಾತಿಯಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ತಿರುವಾಂಕೂರು ಅವರಿಗೆ ಕೆಲಸ ನಿರಾಕರಿಸಿತ್ತು. ಮೈಸೂರು ಸಂಸ್ಥಾನ ಕೊಟ್ಟಿತು. ಮುಟ್ಟಬಾರದೆಂದು ಸಮಾಜ ದೂರವಿಟ್ಟಿದ್ದ ಕೈಗಳೇ, ಯಾರೂ ಮುಟ್ಟಲು ಹೆದರುತ್ತಿದ್ದ ರೋಗಿಗಳನ್ನು ಉಪಚರಿಸಿದವು.

ಮುಂಬಯಿಯಲ್ಲಿ 1898ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತ್ತು. 1903ರಲ್ಲಿ, ದಿವಾನ್ ಪಿ. ಎನ್. ಕೃಷ್ಣಮೂರ್ತಿಗಳ ಕಾಲದಲ್ಲಿ, ಮೈಸೂರಿನಲ್ಲೂ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಹಳೆಯ ಕೇರಿಗಳ ಇಕ್ಕಟ್ಟನ್ನು ಸಡಿಲಿಸಿ, ಗಾಳಿ-ಬೆಳಕು-ಚರಂಡಿಗಳಿಗೆ ಲೆಕ್ಕ ಹಾಕಿ ಬಡಾವಣೆಗಳನ್ನು ರಚಿಸುವುದು ಅದರ ಕೆಲಸ. ಮನೆಯ ಹಿಂದಿನ ಸಂದಿ ಆ ಲೆಕ್ಕದ ಭಾಗ. ಒಂದು ಕಹಿ ಸತ್ಯವನ್ನೂ ಮರೆಯಬಾರದು: ಆ ಸಂದಿಯಲ್ಲಿ ತಲೆಯ ಮೇಲೆ ಮಲ ಹೊತ್ತು ನಡೆದವರ ದುಡಿಮೆಯ ಮೇಲೆಯೇ ಮುಂಬಾಗಿಲಿನವರ ಆರೋಗ್ಯ ನಿಂತಿತ್ತು. ಆ ಅನಿಷ್ಟ ಪದ್ಧತಿಯನ್ನು ನಿಷೇಧಿಸುವ ಹೆಜ್ಜೆಯನ್ನು ಸಚಿವ ಬಿ. ಬಸವಲಿಂಗಪ್ಪನವರು ಇಟ್ಟದ್ದು 1970ರ ದಶಕದಲ್ಲಿ.

2020ರಲ್ಲಿ ಕೊರೋನಾ ಬಂದಾಗ ದೇಶ ಮೊದಲು ಕೈಗೆತ್ತಿಕೊಂಡದ್ದು ಪ್ಲೇಗ್ ಕಾಲದ್ದೇ ಕಾನೂನು, 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮ. ಹಳೆಯ ಭಯವೂ ಜೊತೆಗೇ ಮರಳಿತು. ಆಂಬುಲೆನ್ಸ್ ಬಾಗಿಲಿಗೆ ಬಂದರೆ ನೆರೆಯವರು ಏನೆಂದಾರು ಎಂದು ಜ್ವರವನ್ನು ಮುಚ್ಚಿಟ್ಟವರು ನಮ್ಮ ನಡುವೆಯೇ ಇದ್ದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ ಅನೇಕರಿಗೆ ಅತಿ ಕಷ್ಟವಾದದ್ದು ಮನೆ ಬಿಟ್ಟು ಶಿಬಿರಕ್ಕೆ ಹೊರಡುವುದೇ.

ಇತಿಹಾಸದಿಂದ ನಾವು ಕಲಿಯುವುದು ಇಷ್ಟು. ಪ್ರವಾಹವಿರಲಿ, ಕಾಡ್ಗಿಚ್ಚಿರಲಿ, ರೋಗವಿರಲಿ, ಆಪತ್ತಿನಲ್ಲಿ ವೈದ್ಯನಿಗಿಂತ ಮೊದಲು ತಲುಪಬೇಕಾದದ್ದು ನಂಬಿಕೆ. ಅದನ್ನು ಆಪತ್ತು ಬಂದ ದಿನ ತಯಾರಿಸಲಾಗದು. ಶಾಂತಿಯ ದಿನಗಳಲ್ಲೇ ಕೂಡಿಡಬೇಕು. ನಿಮ್ಮಲ್ಲಿ ಹಲವರು ಇಂದು ವೈದ್ಯರು, ದಾದಿಯರು, ಅಧಿಕಾರಿಗಳಾಗಿದ್ದೀರಿ. ಬಾಗಿಲು ತೆರೆಯಲು ಹಿಂಜರಿಯುವ ಮನೆ ಎದುರಾದಾಗ ಗದರಬೇಡಿ. ಏಕೆ ಹೆದರುತ್ತಿದ್ದಾರೆಂದು ಕೇಳಿ. ಉಳಿದವರು, ಮನೆಯಲ್ಲಿ ಹಿರಿಯರಿದ್ದರೆ, ಅವರ ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡಿರಿ. ಗಂಟು ಕಟ್ಟುವ ವಿದ್ಯೆ ನಮ್ಮ ಅಜ್ಜಿಯರ ಕಾಲಕ್ಕೆ ಮುಗಿದುಹೋಗಿಲ್ಲ.