ಮರೇ ನಿಯಮ ಮತ್ತು ಮಾತು ಕೇಳದ ಹೃದಯ

ಕುಕ್ಕರಗಾಲಿನಲ್ಲಿ ಕೂತಿದ್ದವರು ತಟ್ಟನೆ ಎದ್ದರೆ ಒಮ್ಮೊಮ್ಮೆ ಕಣ್ಣಿಗೆ ಕತ್ತಲೆ ಬರುತ್ತದೆ. ರಕ್ತ ಕಾಲಿನ ಕಡೆ ಇಳಿದು ಒತ್ತಡ ಕುಸಿದಿರುತ್ತದೆ. ಹೃದಯ ಬೇಗ ಬೇಗ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಕ್ಷಣಗಳಲ್ಲಿ ಕತ್ತಲೆ ಸರಿಯುತ್ತದೆ. ಹೃದಯ ಪ್ರತಿ ಸಲವೂ ಹೀಗೆಯೇ ಒತ್ತಡದ ಮಾತು ಕೇಳುತ್ತದೆಯೇ? ಈ ಪ್ರಶ್ನೆಗೆ ಉತ್ತರ ಸಿಗಲು ಒಂದೂವರೆ ಶತಮಾನ ಹಿಡಿಯಿತು.

ಫ್ರಾನ್ಸಿನ ಎಟಿಯೆನ್ ಜೂಲ್ ಮರೇ 1859ರ ಹೊತ್ತಿಗೆ ಒಂದು ನಿಯಮ ಹೇಳಿದ್ದ: ಒತ್ತಡ ಏರಿದರೆ ನಾಡಿ ನಿಧಾನ, ಇಳಿದರೆ ಚುರುಕು. ಎದುರಿನ ತಡೆ ಕಡಿಮೆಯಾದರೆ ಹೃದಯ ತಾನಾಗಿ ವೇಗವಾಗುತ್ತದೆ ಎಂಬುದು ಅವನ ವಿವರಣೆ. ಆದರೆ 1866ರಲ್ಲಿ ಲೈಪ್‌ಜಿಗ್‌ನಲ್ಲಿ ಸಿಯಾನ್ ಮತ್ತು ಲುಡ್ವಿಗ್, ಮೊಲದ ಒಂದು ನರವನ್ನು ಪ್ರಚೋದಿಸಿದರೆ ಒತ್ತಡವೂ ನಾಡಿಯೂ ಇಳಿಯುವುದನ್ನು ತೋರಿಸಿದರು. ಸುದ್ದಿ ಮಿದುಳಿಗೆ ಹೋಗಿ ಅಲ್ಲಿಂದ ಅಪ್ಪಣೆ ಬರುತ್ತಿತ್ತು. ಕುತ್ತಿಗೆಯನ್ನು ಒತ್ತಿದರೆ ನಾಡಿ ನಿಧಾನವಾಗುವುದು ವೈದ್ಯರಿಗೆ ಗೊತ್ತಿತ್ತು. ವೇಗಸ್ ನರ ಅದುಮಿದ್ದರಿಂದ ಹಾಗಾಗುತ್ತದೆ ಎಂದುಕೊಂಡಿದ್ದರು. ಅಲ್ಲ, ಅಲ್ಲಿನ ಧಮನಿಯ ಗೋಡೆಯೇ ಒತ್ತಡವನ್ನು ಗ್ರಹಿಸುತ್ತದೆ ಎಂದು 1920ರ ದಶಕದಲ್ಲಿ ಎಚ್. ಇ. ಹೆರಿಂಗ್ ತೋರಿಸಿದ.

ಅಷ್ಟರಲ್ಲೇ ನಿಯಮಕ್ಕೆ ಅಡ್ಡಿ ಬಂದಿತ್ತು. 1915ರಲ್ಲಿ ಬೇನ್‌ಬ್ರಿಜ್ ನಾಯಿಗಳ ರಕ್ತನಾಳಕ್ಕೆ ದ್ರವ ತುಂಬಿಸಿದಾಗ ನಾಡಿ ಇಳಿಯುವ ಬದಲು ಏರಿತು. ಅಷ್ಟೇಕೆ, ಮೆಟ್ಟಿಲು ಹತ್ತುವಾಗ ನಮ್ಮಲ್ಲೂ ಒತ್ತಡ ಮತ್ತು ನಾಡಿ ಎರಡೂ ಒಟ್ಟಿಗೇ ಏರುತ್ತವೆ. ದುಡಿಯುವ ದೇಹ ತನ್ನ ಗುರಿಯನ್ನೇ ಮೇಲಕ್ಕೆ ಸರಿಸಿಕೊಳ್ಳುತ್ತದೆ.

1969ರಲ್ಲಿ ಆಕ್ಸ್‌ಫರ್ಡ್‌ನ ಸ್ಮಿತ್, ಸ್ಲೈಟ್, ಪಿಕರಿಂಗ್ ಚುಚ್ಚುಮದ್ದಿನಿಂದ ಒತ್ತಡ ಏರಿಸಿ, ಬಡಿತಗಳ ನಡುವಿನ ಅಂತರ ಎಷ್ಟು ಹಿಗ್ಗುತ್ತದೆಂದು ಅಳೆದರು. ಅದೇ ವ್ಯಕ್ತಿಯ ಉತ್ತರ ಎಚ್ಚರದಲ್ಲಿ ಒಂದು, ನಿದ್ದೆಯಲ್ಲಿ ಇನ್ನೊಂದು.

ಮುಂದೆ ಮಿಲಾನಿನ ಸಂಶೋಧಕರು ಔಷಧಿ ಬಿಟ್ಟು, ದಿನವಿಡೀ ತಾನಾಗಿ ಆಗುವ ಏರಿಳಿತಗಳನ್ನೇ ಎಣಿಸಿದರು. 2001ರಲ್ಲಿ ಡಿ ರಿಯೆಂಜೊ ತಂಡ ಪ್ರಕಟಿಸಿದ ಲೆಕ್ಕದಂತೆ, ಆರೋಗ್ಯವಂತರಲ್ಲೂ ಒತ್ತಡದ ಐದು ಏರಿಳಿತಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಹೃದಯ ನಿಯಮದಂತೆ ಉತ್ತರಿಸುತ್ತಿತ್ತು. ಉಸಿರು, ಆತಂಕ, ಓಡಾಟ ಎಲ್ಲವೂ ಅದೇ ಲಗಾಮು ಜಗ್ಗುತ್ತಿರುತ್ತವೆ. ಹಾಗೆಂದು ಆ ಒಂದು ಉತ್ತರ ಕಾಕತಾಳೀಯವೂ ಅಲ್ಲ. ಬೆಕ್ಕುಗಳಲ್ಲಿ ಒತ್ತಡದ ಸುದ್ದಿ ಒಯ್ಯುವ ನರಗಳನ್ನು ಕತ್ತರಿಸಿದಾಗ ಅಂಥ ಉತ್ತರಗಳು ಬಹುಮಟ್ಟಿಗೆ ಮಾಯವಾಗಿದ್ದವು.

ಆ ಉತ್ತರದ ಬೆಲೆ 1998ರಲ್ಲೇ ತಿಳಿದಿತ್ತು. ಹೃದಯಾಘಾತದಿಂದ ಪಾರಾದ ಸುಮಾರು 1,300 ಜನರ ಅಧ್ಯಯನದಲ್ಲಿ, ಈ ಪ್ರತಿಕ್ರಿಯೆ ತೀರ ಕುಗ್ಗಿದ್ದವರು ಮುಂದೆ ಹೃದಯದ ಕಾರಣದಿಂದ ಸಾಯುವ ಸಂಭವ ಹೆಚ್ಚಿತ್ತು. ಹೃದಯ ಎಲ್ಲ ಸಲ ಮಾತು ಕೇಳಬೇಕಿಲ್ಲ. ಕೇಳುವ ಶಕ್ತಿ ಉಳಿದಿರಬೇಕು.