‘ಕ್ಲ್ಯಾಪ್’: ಒಂದು ಪದದ ಹುಟ್ಟು ಮತ್ತು ಅರ್ಥವಿಸ್ತಾರ

ಸಭೆ ಸಮಾರಂಭಗಳಲ್ಲಿ ‘ಎಲ್ಲರೂ ಒಮ್ಮೆ ಜೋರಾಗಿ ಕ್ಲ್ಯಾಪ್ ಮಾಡಿ’ ಎಂಬ ಮಾತು ಇಂದು ಸರ್ವೇಸಾಮಾನ್ಯ. ಚಪ್ಪಾಳೆ, ಕರತಾಡನಗಳೆಂಬ ಪದಗಳು ನಮ್ಮಲ್ಲಿದ್ದರೂ ಮಕ್ಕಳ ನಾಲಗೆಯ ಮೇಲೆ ನೆಲೆಸಿರುವುದು ಈ ಇಂಗ್ಲಿಷ್ ಪದವೇ. ಅದರ ಪೂರ್ವೇತಿಹಾಸ ಸ್ವಾರಸ್ಯಕರವಾಗಿದೆ.

‘ಕ್ಲ್ಯಾಪ್’ ಪದದ ಮೂಲ ಪ್ರಾಚೀನ ಇಂಗ್ಲಿಷಿನ ‘ಕ್ಲ್ಯಾಪ್ಪನ್’. ಬಡಿ, ಮಿಡಿ ಎಂಬುದು ಅದರ ಅರ್ಥ. ಜರ್ಮಾನಿಕ್ ಕುಲದ ಇತರ ಭಾಷೆಗಳಲ್ಲಿಯೂ ಇದರ ಸೋದರ ಪದಗಳಿವೆ. ಸದ್ದನ್ನೇ ಅನುಕರಿಸಿ ಹುಟ್ಟಿದ ಪದವಾದ್ದರಿಂದ ಇದು ಅಂಗೈಗಳಿಗಷ್ಟೇ ಸೀಮಿತವಾಗಲಿಲ್ಲ. ಗುಡುಗಿನ ಆರ್ಭಟ ‘ಥಂಡರ್‌ಕ್ಲ್ಯಾಪ್’ ಆಯಿತು. ಗಂಟೆಯ ನಾಲಗೆ ‘ಕ್ಲ್ಯಾಪರ್’ ಎನಿಸಿತು. ಬೆನ್ನು ತಟ್ಟುವುದಕ್ಕೂ, ಅಪರಾಧಿಯನ್ನು ಸೆರೆಗೆ ತಳ್ಳುವುದಕ್ಕೂ ಇದೇ ಕ್ರಿಯಾಪದ ಬಳಕೆಯಾಗುತ್ತದೆ. ಚಲನಚಿತ್ರದಲ್ಲಿ ದೃಶ್ಯ ಮತ್ತು ಧ್ವನಿಗಳನ್ನು ಹೊಂದಿಸಲು ಹಲಗೆ ಬಡಿಯುವ ಪದ್ಧತಿಯಿಂದ ‘ಕ್ಲ್ಯಾಪ್ ಮಾಡಿ ಚಾಲನೆ ನೀಡಿದರು’ ಎಂಬ ನುಡಿ ಕನ್ನಡ ಪತ್ರಿಕೆಗಳಿಗೂ ಬಂದಿತು.

ಇದೇ ಅರ್ಥದ ‘ಅಪ್ಲಾಸ್’ ಪದ ಲ್ಯಾಟಿನ್ ಮೂಲದ್ದು. ಅದರ ಧಾತುವಿಗೂ ಬಡಿ, ಕೈತಟ್ಟು ಎಂದೇ ಅರ್ಥ. ನಮ್ಮ ಕರತಾಡನದಲ್ಲಿಯೂ ‘ತಾಡನ’ವೆಂದರೆ ಹೊಡೆತವೇ ಅಲ್ಲವೇ! ‘ಎಕ್ಸ್‌ಪ್ಲೋಡ್’ ಪದವೂ ಅದೇ ಧಾತುವಿನಿಂದ ಬಂದದ್ದು. ಕೈತಟ್ಟಿ ಗದ್ದಲವೆಬ್ಬಿಸಿ ನಟನನ್ನು ರಂಗದಿಂದ ಓಡಿಸುವುದು ಅದರ ಮೂಲಾರ್ಥ. ಸಿಡಿಯುವುದು ಎಂಬ ಅರ್ಥ ತರುವಾಯದ್ದು. ಮೆಚ್ಚುಗೆ, ತಿರಸ್ಕಾರ ಎರಡಕ್ಕೂ ಕೈಗಳೇ ಸಾಧನವಾಗಿದ್ದವು.

ಚಪ್ಪಾಳೆಯನ್ನು ಕೊಂಡುಕೊಳ್ಳುವ ಚಾಳಿಯೂ ಹಳೆಯದು. ರೋಮಿನ ಚಕ್ರವರ್ತಿ ನೀರೋ ತನ್ನ ಗಾಯನಕ್ಕೆ ಕೈತಟ್ಟಲು 5000ಕ್ಕೂ ಹೆಚ್ಚು ಯುವಕರನ್ನು ತರಬೇತುಗೊಳಿಸಿದ್ದನೆಂದು ಇತಿಹಾಸಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ದುಂಬಿಗಳ ಝೇಂಕಾರ, ಹೆಂಚು, ಇಟ್ಟಿಗೆ ಎಂದು ಮೂರು ಬಗೆಯ ಚಪ್ಪಾಳೆಗಳಿದ್ದವಂತೆ. 19ನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಹಣ ಪಡೆದು ಕೈತಟ್ಟುವವರ ತಂಡಕ್ಕೆ ‘ಕ್ಲಾಕ್’ ಎಂಬ ಹೆಸರಿತ್ತು. 18ನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯಲ್ಲಿ ಚಪ್ಪಾಳೆ ಗಿಟ್ಟಿಸಲೆಂದೇ ಹೆಣೆದ ಆಡಂಬರದ ಮಾತಿಗೆ ‘ಕ್ಲ್ಯಾಪ್‌ಟ್ರ್ಯಾಪ್’, ಅಂದರೆ ಚಪ್ಪಾಳೆಯ ಬಲೆ, ಎನ್ನುತ್ತಿದ್ದರು. ಇಂದು ಆ ಪದಕ್ಕೆ ಟೊಳ್ಳುಮಾತು ಎಂಬುದೇ ಅರ್ಥ.

ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬುದು ನಮ್ಮ ಹಿರಿಯರ ನಾಣ್ಣುಡಿ. ವೇದಿಕೆಯ ಮೇಲಿನವರ ಸಾಧನೆ ಒಂದು ಕೈಯಾದರೆ ಸಭಿಕರ ಮನಃಪೂರ್ವಕ ಮೆಚ್ಚುಗೆ ಇನ್ನೊಂದು ಕೈ. ಕೇಳಿ ಪಡೆದ ಸದ್ದಿಗಿಂತ ತಾನಾಗಿ ಹೊಮ್ಮಿದ ಚಪ್ಪಾಳೆಯೇ ಕಲಾವಿದನಿಗೆ ನಿಜವಾದ ಸನ್ಮಾನ.